ಬಿತ್ತನೆಯ ಬೀಜ

ಎಂತಹ ಬರಗಾಲ ಬಂದರೂ ರೈತನು ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನು ಮುಟ್ಟುವುದಿಲ್ಲ. ಹಗೇವಿನ ಕಾಳು ಮುಗಿದರೂ, ಮನೆಮಂದಿ ಅರೆಹೊಟ್ಟೆಯಲ್ಲಿ ಮಲಗಿದರೂ, ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಆ ಬೀಜ ಹಾಗೆಯೇ ಉಳಿಯುತ್ತದೆ. ಅದು ಇಂದಿನ ಅನ್ನವಲ್ಲ, ನಾಳಿನ ಬೆಳೆ ಎಂಬುದನ್ನು ಅವನು ಬಲ್ಲನು. ಮನುಷ್ಯನ ದೇಹದಲ್ಲಿಯೂ ಇಂತಹ ಬಿತ್ತನೆಯ ಬೀಜವುಂಟು. ಪ್ರಾಣವನ್ನು ಉಳಿಸುವ ಮದ್ದೇ ಆ ಬೀಜವನ್ನು ಸುಡುವ ಸಂದರ್ಭ ಒದಗಿದಾಗ ಅದನ್ನು ಕಾಯುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನಿಗಳು ಹಲವು ದಶಕಗಳಿಂದ ಉತ್ತರವನ್ನು ಹುಡುಕುತ್ತ ಬಂದಿದ್ದಾರೆ. ಆ ಹುಡುಕಾಟದ ಒಂದು ದಾರಿ ಸಸ್ಯಲೋಕದೊಳಗೆ ಸಾಗುತ್ತದೆ.

ಶರೀರದಲ್ಲಿ ಹಳೆಯ ಜೀವಕೋಶಗಳು ಸಾಯುವುದೂ ಹೊಸವು ಹುಟ್ಟುವುದೂ ಒಂದು ಕಟ್ಟಳೆಗೆ ಒಳಪಟ್ಟು ನಡೆಯುತ್ತದೆ. ಯಾವುದಾದರೊಂದು ಕೋಶವು ಈ ಕಟ್ಟಳೆಯನ್ನು ಮೀರಿ ಎಡೆಬಿಡದೆ ಇಮ್ಮಡಿಸತೊಡಗಿದರೆ ಅದು ಅರ್ಬುದಕ್ಕೆ, ಅಂದರೆ ಕ್ಯಾನ್ಸರ್ ರೋಗಕ್ಕೆ, ಮೂಲವಾಗುತ್ತದೆ. ಹೀಗೆ ವೇಗವಾಗಿ ಒಡೆಯುವ ಕೋಶಗಳನ್ನು ಔಷಧಗಳಿಂದ ಕೊಲ್ಲುವ ವಿಧಾನಕ್ಕೆ ಕೀಮೋಥೆರಪಿ ಎಂದು ಹೆಸರು. ಆದರೆ ಕಳೆ ಯಾವುದು, ಪೈರು ಯಾವುದು ಎಂಬ ಭೇದವು ಈ ಔಷಧಗಳಿಗೆ ಪೂರ್ಣವಾಗಿ ತಿಳಿಯದು. ವೇಗವಾಗಿ ಒಡೆಯುವ ಕೋಶ ಎಲ್ಲಿದ್ದರೂ ಅವು ಅದರ ಮೇಲೆ ಎರಗುತ್ತವೆ. ಕೂದಲಿನ ಬುಡ, ಕರುಳಿನ ಒಳಪೊರೆ, ಎಲುಬಿನೊಳಗಿನ ಮಜ್ಜೆ ಇವೆಲ್ಲ ಅಂತಹ ಸ್ಥಳಗಳು. ಚಿಕಿತ್ಸೆ ಪಡೆದವರ ತಲೆ ಬೋಳಾಗುವುದಕ್ಕೂ ಬಾಯಿ ಹುಣ್ಣಾಗುವುದಕ್ಕೂ ಇದೇ ಕಾರಣ. ಕೂದಲು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ, ಹುಣ್ಣು ಮಾಯುತ್ತದೆ. ಆದರೆ ಮರಳಿ ತುಂಬದ ನಷ್ಟವೂ ಒಂದುಂಟು.

ಗಂಡಸಿನ ವೃಷಣಗಳಲ್ಲಿ ಪ್ರಾಯಕ್ಕೆ ಬಂದಂದಿನಿಂದ ವೀರ್ಯಾಣುಗಳ ಉತ್ಪತ್ತಿ ಆರಂಭವಾಗುತ್ತದೆ. ಆರೋಗ್ಯವಂತನಲ್ಲಿ ದಿನವೊಂದಕ್ಕೆ ಕೋಟಿಗಟ್ಟಲೆ ವೀರ್ಯಾಣುಗಳು ಸಿದ್ಧವಾಗುತ್ತವೆ. ಒಂದು ಮೂಲಕೋಶದ ಸಂತತಿಯು ಹಂತ ಹಂತವಾಗಿ ಒಡೆದು, ಬಾಲವುಳ್ಳ ವೀರ್ಯಾಣುವಾಗಿ ರೂಪುಗೊಳ್ಳಲು ಸುಮಾರು ೭೪ ದಿನಗಳು ಬೇಕು. ಔಷಧದ ಏಟಿಗೆ ಮೊದಲು ಸಿಲುಕುವವು ವೇಗವಾಗಿ ಒಡೆಯುತ್ತಿರುವ ಎಳೆಯ ಕೋಶಗಳು. ಮೂಲಕೋಶಗಳು ಉಳಿದುಕೊಂಡರೆ ಕೆಲವು ತಿಂಗಳುಗಳಲ್ಲಿ ಅಥವಾ ವರ್ಷಗಳಲ್ಲಿ ಉತ್ಪತ್ತಿ ಪುನಃ ಆರಂಭವಾಗಬಹುದು. ಮೂಲಕೋಶಗಳೇ ನಾಶವಾದರೆ ಸಂತಾನಶಕ್ತಿಯು ಶಾಶ್ವತವಾಗಿ ನಷ್ಟವಾಗುತ್ತದೆ.

ಈ ಸತ್ಯವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ ರೋಗಗಳಲ್ಲಿ ಹಾಜ್‌ಕಿನ್ ರೋಗವೂ ಒಂದು. ದುಗ್ಧಗ್ರಂಥಿಗಳಲ್ಲಿ ತಲೆದೋರುವ ಈ ಅರ್ಬುದವನ್ನು ೧೮೩೨ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಹಾಜ್‌ಕಿನ್ ವರ್ಣಿಸಿದನು. ಅನೇಕ ವೇಳೆ ತರುಣರನ್ನೇ ಹಿಡಿಯುವ ಈ ರೋಗವು ಉಲ್ಬಣಿಸಿತೆಂದರೆ ಬದುಕುವ ಆಸೆಯನ್ನೇ ಬಿಡಬೇಕಾಗಿದ್ದ ಕಾಲವೊಂದಿತ್ತು. ೧೯೬೪ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡಿವಿಟಾ ಮತ್ತು ಸಂಗಡಿಗರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವ ‘ಮಾಪ್’ ಎಂಬ ಚಿಕಿತ್ಸೆಯನ್ನು ಆರಂಭಿಸಿದರು. ಆ ನಾಲ್ಕರಲ್ಲಿ ಒಂದಾದ ವಿನ್‌ಕ್ರಿಸ್ಟಿನ್ ದೊರೆತುದು ನಮ್ಮ ಹಿತ್ತಿಲುಗಳಲ್ಲಿಯೂ ಅರಳುವ ನಿತ್ಯಪುಷ್ಪದ ಗಿಡದಿಂದ. ಕಾಶಿಕಣಗಿಲೆ ಎಂದೂ ಕರೆಯಲಾಗುವ ಈ ಗಿಡದ ತವರು ಮಡಗಾಸ್ಕರ್ ದ್ವೀಪ. ಅದರ ಎಲೆಯ ಕಷಾಯ ಸಿಹಿಮೂತ್ರ ರೋಗಕ್ಕೆ ಮದ್ದೆಂಬ ನಂಬಿಕೆ ಕೆಲವು ನಾಡುಗಳಲ್ಲಿತ್ತು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ೧೯೫೦ರ ದಶಕದಲ್ಲಿ ಅದನ್ನು ಪರೀಕ್ಷಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿಯ ರಕ್ತಕಣಗಳು ಇಳಿದವು. ಆ ಸುಳಿವಿನಿಂದಲೇ ಅರ್ಬುದದ ಮದ್ದು ಹೊರಬಂದಿತು.

‘ಮಾಪ್’ ಚಿಕಿತ್ಸೆಯಿಂದ ಉಲ್ಬಣಿಸಿದ ರೋಗವುಳ್ಳವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಗುಣ ಹೊಂದಿದರು. ಆದರೆ ಬದುಕಿದ ಗಂಡಸರಲ್ಲಿ ಬಹುಪಾಲು ಮಂದಿಯ ಸಂತಾನಶಕ್ತಿ ಉಡುಗಿಹೋಗಿತ್ತು. ಇದಕ್ಕೆ ಮುಖ್ಯ ಕಾರಣ ನಿತ್ಯಪುಷ್ಪದ ಔಷಧವಲ್ಲ. ಅದರ ಜೊತೆಯಲ್ಲಿದ್ದ ನೈಟ್ರೊಜನ್ ಮಸ್ಟರ್ಡ್ ಮತ್ತು ಪ್ರೊಕಾರ್ಬಜೀನ್ ಎಂಬ ಔಷಧಗಳು. ಪ್ರಾಣ ಉಳಿದಾಗ ಇನ್ನೊಂದಕ್ಕಾಗಿ ದುಃಖಿಸುವುದೇಕೆ ಎಂದು ಕೇಳಬಹುದು. ಆದರೆ ಇಪ್ಪತ್ತರ ತರುಣನಿಗೆ ಬದುಕೆಂದರೆ ಉಸಿರಾಟ ಮಾತ್ರವೇ? ಮುಂದೆ ಕಟ್ಟಬೇಕಾದ ಸಂಸಾರವೂ ಅದರಲ್ಲಿ ಸೇರಿಲ್ಲವೇ? ೧೯೭೦ರ ದಶಕದಲ್ಲಿ ಇಟಲಿಯ ಮಿಲಾನ್ ನಗರದ ಜಿಯಾನಿ ಬೊನಡೊನ್ನಾ ಬೇರೆ ನಾಲ್ಕು ಔಷಧಗಳ ಚಿಕಿತ್ಸೆಯೊಂದನ್ನು ರೂಪಿಸಿದನು. ಅದರಲ್ಲಿಯೂ ನಿತ್ಯಪುಷ್ಪದಿಂದ ಪಡೆದ ವಿನ್‌ಬ್ಲಾಸ್ಟಿನ್ ಇತ್ತು. ಈ ಚಿಕಿತ್ಸೆಯನ್ನು ಪಡೆದವರಲ್ಲಿ ಹೆಚ್ಚಿನವರ ಸಂತಾನಶಕ್ತಿಯು ಕಾಲಕ್ರಮದಲ್ಲಿ ಮರಳಿತು. ಆದರೆ ಎಲ್ಲ ಅರ್ಬುದಗಳಿಗೂ ಇಂತಹ ಸೌಮ್ಯವಾದ ಬದಲಿ ದೊರೆಯಲಿಲ್ಲ.

ಅರ್ಬುದವನ್ನು ಕೊಲ್ಲುವ ಮದ್ದನ್ನು ಕೊಟ್ಟ ಸಸ್ಯಲೋಕವು ಆ ಮದ್ದಿನ ಉರಿಯಿಂದ ಕಾಯುವ ನೆರಳನ್ನೂ ಕೊಡಲಾರದೇ? ಈ ಆಲೋಚನೆಗೆ ಒಂದು ಆಧಾರವಿದೆ. ಕೀಮೋಥೆರಪಿಯ ಹಲವು ಔಷಧಗಳು ದೇಹದಲ್ಲಿ ಅತಿ ಚಟುವಟಿಕೆಯ ಆಮ್ಲಜನಕದ ಕಣಗಳು ಹೆಚ್ಚುವಂತೆ ಮಾಡುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ಇವು ಕೋಶಗಳ ಭಾಗಗಳನ್ನು ಉತ್ಕರ್ಷಣಗೊಳಿಸಿ ಕೆಡಿಸುತ್ತವೆ. ವೀರ್ಯಾಣುವಿನ ಹೊರಪೊರೆಯಲ್ಲಿ ಸುಲಭವಾಗಿ ಕೆಡುವ ಕೊಬ್ಬಿನ ಅಂಶ ಹೆಚ್ಚು. ತನ್ನನ್ನು ತಾನು ರಕ್ಷಿಸಿಕೊಳ್ಳುವ ಸಾಮಗ್ರಿ ಕಡಿಮೆ. ಇತ್ತ ಅರಿಸಿನದ ಕರ್ಕ್ಯುಮಿನ್, ಟೊಮೇಟೊವಿನ ಕೆಂಬಣ್ಣಕ್ಕೆ ಕಾರಣವಾದ ಲೈಕೊಪೀನ್, ಈರುಳ್ಳಿಯ ಕ್ವೆರ್ಸಿಟಿನ್, ಶುಂಠಿಯ ಸಾರ ಮುಂತಾದವುಗಳಿಗೆ ಉತ್ಕರ್ಷಣವನ್ನು ತಡೆಯುವ ಗುಣವುಂಟು. ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಗಂಡು ಇಲಿಗಳಿಗೆ ಕೀಮೋಥೆರಪಿಯ ಔಷಧದೊಡನೆ ಇಂತಹ ಸಸ್ಯಾಂಶಗಳನ್ನೂ ಕೊಟ್ಟು ನೋಡಲಾಗಿದೆ. ಔಷಧವನ್ನು ಮಾತ್ರ ಪಡೆದ ಇಲಿಗಳಿಗಿಂತ ಸಸ್ಯಾಂಶವನ್ನೂ ಪಡೆದ ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರ ಉತ್ತಮವಾಗಿದ್ದವೆಂದು ಅನೇಕ ಪ್ರಯೋಗಗಳು ತೋರಿಸಿವೆ.

ಇಷ್ಟನ್ನು ಓದಿ, ಮನುಷ್ಯನಿಗೂ ಮದ್ದು ಸಿಕ್ಕಿತೆಂದು ಹಿಗ್ಗುವಂತಿಲ್ಲ. ಇಂತಹ ಪ್ರಯೋಗಗಳ ಇಲಿಗಳಲ್ಲಿ ಬಹುಮಟ್ಟಿಗೆ ಅರ್ಬುದವೇ ಇರಲಿಲ್ಲ. ಅವು ಆರೋಗ್ಯವಂತ ಇಲಿಗಳು. ಔಷಧಗಳು ಅರ್ಬುದದ ಕೋಶಗಳನ್ನು ಕೊಲ್ಲುವುದಕ್ಕೂ ಭಾಗಶಃ ಉತ್ಕರ್ಷಣವನ್ನೇ ಬಳಸುವುದರಿಂದ, ಬೀಜವನ್ನು ಕಾಯುವ ನೆರಳು ಕಳೆಯನ್ನೂ ಕಾಯಬಹುದು. ಅರಿಸಿನದ ಸತ್ವವು ತಿಂದಷ್ಟೂ ರಕ್ತಕ್ಕೆ ಸೇರುವುದಿಲ್ಲ. ಇಲಿಯ ದೇಹಧರ್ಮವೇ ಬೇರೆ, ಮನುಷ್ಯನದೇ ಬೇರೆ. ಇದಕ್ಕೊಂದು ನಿದರ್ಶನವಿದೆ. ಹಾರ್ಮೋನುಗಳನ್ನು ಹತೋಟಿಯಲ್ಲಿಟ್ಟು ವೃಷಣಗಳಿಗೆ ಕೆಲಕಾಲ ವಿಶ್ರಾಂತಿ ನೀಡಿದರೆ ಸಂತಾನಶಕ್ತಿ ಉಳಿಯುವುದೆಂದು ಇಲಿಗಳಲ್ಲಿ ಕಂಡುಬಂದಿತ್ತು. ಅದೇ ಉಪಾಯವನ್ನು ರೋಗಿಗಳಲ್ಲಿ ಪರೀಕ್ಷಿಸಿದಾಗ ಬಹುತೇಕ ಕಡೆ ಅದು ಫಲಿಸಲಿಲ್ಲ.

ಸಸ್ಯದಿಂದ ಬಂದುದೆಲ್ಲ ನಿರಪಾಯಕರವೆಂಬ ಭಾವನೆಯೂ ಸರಿಯಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಸಾರವನ್ನು ಯೂರೋಪಿನ ಜನರು ಮನಸ್ಸಿನ ಖಿನ್ನತೆಗೆ ಸೇವಿಸುವುದುಂಟು. ಇರಿನೊಟೆಕಾನ್ ಎಂಬ ಕೀಮೋಥೆರಪಿಯ ಔಷಧದೊಡನೆ ಇದನ್ನು ಸೇವಿಸಿದ ರೋಗಿಗಳ ರಕ್ತದಲ್ಲಿ ಆ ಔಷಧದ ಸಕ್ರಿಯ ರೂಪವು ಶೇಕಡಾ ೪೨ರಷ್ಟು ಕಡಿಮೆಯಾಗಿತ್ತೆಂದು ೨೦೦೨ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು ತೋರಿಸಿತು. ವೈದ್ಯರಿಗೆ ತಿಳಿಸದೆ ನುಂಗಿದ ಸೊಪ್ಪಿನ ಪುಡಿಯು ಪ್ರಾಣರಕ್ಷಕ ಮದ್ದನ್ನೇ ದುರ್ಬಲಗೊಳಿಸಬಲ್ಲದು.

ಹಾಗಾದರೆ ಬಿತ್ತನೆಯ ಬೀಜವನ್ನು ಕಾಯುವ ದಾರಿಯೇ ಇಲ್ಲವೇ? ಇದೆ, ಅದು ರೈತನ ದಾರಿಯೇ ಆಗಿದೆ. ಬೆಂಕಿ ಬೀಳುವ ಮೊದಲೇ ಬೀಜವನ್ನು ತೆಗೆದು ಬೇರೆಡೆ ಇಡುವುದು. ವೀರ್ಯಾಣುಗಳನ್ನು ಘನೀಭವಿಸಿ ಇಡಲು ಹಿಂದೆ ಅನೇಕರು ಯತ್ನಿಸಿದ್ದರು. ಆದರೆ ಬಹುಪಾಲು ವೀರ್ಯಾಣುಗಳು ಸಾಯುತ್ತಿದ್ದವು. ೧೯೪೯ರಲ್ಲಿ ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಅಲನ್ ಪಾರ್ಕ್ಸ್ ಹುಂಜದ ವೀರ್ಯಾಣುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಹಣ್ಣಿನ ಸಕ್ಕರೆಯ ದ್ರಾವಣವೆಂದು ಶೀತಲಗೃಹದಿಂದ ತಂದ ಶೀಶೆಯೊಂದು ಒಮ್ಮೆ ಆಶ್ಚರ್ಯಕರವಾದ ಫಲವನ್ನು ನೀಡಿತು; ಹೊಸದಾಗಿ ಮಾಡಿದ ಸಕ್ಕರೆಯ ದ್ರಾವಣದಿಂದ ಮಾತ್ರ ಅದೇ ಫಲ ಬರಲಿಲ್ಲ. ಅನುಮಾನಗೊಂಡು ಶೀಶೆಯಲ್ಲಿ ಉಳಿದಿದ್ದ ದ್ರವವನ್ನು ವಿಶ್ಲೇಷಿಸಿದಾಗ, ಶೀಶೆಯ ಮೇಲಿನ ಚೀಟಿ ಅದಲುಬದಲಾಗಿದ್ದುದು ಗೊತ್ತಾಯಿತು. ಅದರಲ್ಲಿದ್ದುದು ಗ್ಲಿಸರಾಲ್! ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆಯು ಆಲಿವ್ ಎಣ್ಣೆಯಿಂದ ಮೊದಲು ಬೇರ್ಪಡಿಸಿದ ಸಿಹಿದ್ರವವೇ ಇದು. ಎಣ್ಣೆಯಿಂದ ಸಾಬೂನು ಮಾಡುವಾಗ ಇಂದಿಗೂ ಇದು ದೊರೆಯುತ್ತದೆ. ಕೋಶದೊಳಗೆ ಹರಿತವಾದ ಹಿಮದ ಹರಳುಗಳು ಬೆಳೆಯದಂತೆ ಗ್ಲಿಸರಾಲ್ ತಡೆಯುತ್ತದೆ. ದೇಹದೊಳಗೆ ಇನ್ನೂ ಸಿದ್ಧವಾಗದ ಸಸ್ಯಮೂಲದ ರಕ್ಷಣೆಯು ದೇಹದ ಹೊರಗೆ ಹೀಗೆ ಸಿದ್ಧಿಸಿತು.

೧೯೫೩ರಲ್ಲಿ ಅಮೆರಿಕದ ಅಯೋವಾದಲ್ಲಿ ರೇಮಂಡ್ ಬಂಜ್ ಮತ್ತು ಜೆರೋಮ್ ಷರ್ಮನ್, ಹೀಗೆ ಘನೀಭವಿಸಿದ ಮಾನವ ವೀರ್ಯಾಣುಗಳಿಂದ ಗರ್ಭಧಾರಣೆ ಸಾಧ್ಯವೆಂದು ತೋರಿಸಿದರು. ಇಂದು ಪ್ರಾಯಕ್ಕೆ ಬಂದ ಹುಡುಗರ ಮತ್ತು ಗಂಡಸರ ವೀರ್ಯವನ್ನು ಕೀಮೋಥೆರಪಿಗೆ ಮುನ್ನವೇ ಸಂಗ್ರಹಿಸಿ, ದ್ರವ ನೈಟ್ರೊಜನ್ನಿನಲ್ಲಿ, ಅಂದರೆ ಸೊನ್ನೆಗಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ, ವರ್ಷಗಟ್ಟಲೆ ಕಾಪಾಡಬಹುದಾಗಿದೆ. ಪ್ರಾಯಕ್ಕೆ ಬಾರದ ಬಾಲಕರಲ್ಲಿ ಸಂಗ್ರಹಿಸಲು ವೀರ್ಯಾಣುಗಳೇ ಇರುವುದಿಲ್ಲ. ಅವರಿಗಾಗಿ ವೃಷಣದ ಚೂರನ್ನೇ ಘನೀಭವಿಸಿ ಇಡುವ ಪ್ರಯೋಗಗಳು ನಡೆದಿವೆ. ಎಳೆಯ ಕೋತಿಯ ದೇಹದಿಂದ ತೆಗೆದು ಹೀಗೆ ಇಟ್ಟಿದ್ದ ಚೂರನ್ನು ಅದರ ದೇಹಕ್ಕೆ ಮರಳಿ ಕಸಿಮಾಡಿ, ಅದರಿಂದ ಪಡೆದ ವೀರ್ಯಾಣುವಿನಿಂದ ಮರಿಯೊಂದು ಹುಟ್ಟಿದ ಸುದ್ದಿ ೨೦೧೯ರಲ್ಲಿ ಅಮೆರಿಕದಿಂದ ಪ್ರಕಟವಾಯಿತು.

ಇವೆಲ್ಲಕ್ಕೂ ಒಂದು ನಿಯಮವುಂಟು: ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳಬೇಕು. ಎಷ್ಟೋ ವೇಳೆ ರೋಗದ ಭಯದಲ್ಲಿ ಮನೆಯವರು ಕೇಳುವುದಿಲ್ಲ; ಸಂಕೋಚದಿಂದ ರೋಗಿಯೂ ಬಾಯಿ ಬಿಡುವುದಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳದೆ ಕಳೆದ ದಿನ ಮತ್ತೆ ಬರುವುದಿಲ್ಲ. ಸಸ್ಯಗಳ ಕುರಿತ ಸಂಶೋಧನೆ ಮುಂದುವರಿಯಲಿ. ನಿತ್ಯಪುಷ್ಪವು ಒಮ್ಮೆ ಬೆರಗುಗೊಳಿಸಿದಂತೆ ಇನ್ನೊಂದು ಗಿಡವು ಮುಂದೆ ಬೆರಗುಗೊಳಿಸಬಹುದು. ಅಲ್ಲಿಯವರೆಗೆ, ಮಳೆಯನ್ನು ನಂಬಿದರೂ ಬೀಜವನ್ನು ಮಡಕೆಯಲ್ಲಿ ಕಾಪಿಡುವ ರೈತನ ವಿವೇಕವೇ ಮೇಲು.

ಅಭ್ಯಾಸ

ಪದಗಳ ಅರ್ಥ: ಹಗೇವು - ಧಾನ್ಯ ತುಂಬುವ ನೆಲದೊಳಗಿನ ಕಣಜ, ಅರ್ಬುದ - ಕ್ಯಾನ್ಸರ್, ಉಲ್ಬಣಿಸು - ಹೆಚ್ಚಾಗು, ಘನೀಭವಿಸು - ಗಟ್ಟಿಯಾಗುವಂತೆ ಶೀತಗೊಳಿಸು.

ಪ್ರಶ್ನೆಗಳು

೧. ಕೀಮೋಥೆರಪಿಯಿಂದ ಕೂದಲು ಉದುರಲು ಕಾರಣವೇನು?

೨. ನಿತ್ಯಪುಷ್ಪದ ಔಷಧಗುಣ ಬೆಳಕಿಗೆ ಬಂದ ಬಗೆಯನ್ನು ವಿವರಿಸಿರಿ.

೩. ಇಲಿಗಳಲ್ಲಿ ಫಲಿಸಿದ ಮದ್ದು ಮನುಷ್ಯರಲ್ಲಿಯೂ ಫಲಿಸುವುದೆಂದು ಹೇಳಲಾಗದು. ಏಕೆ?

೪. ‘ಬಿತ್ತನೆಯ ಬೀಜ’ ಎಂಬ ಶೀರ್ಷಿಕೆಯ ಔಚಿತ್ಯವನ್ನು ಸಮರ್ಥಿಸಿರಿ.