ಗುಪ್ತ ಸಹೋದರ ಸಂಘಗಳು

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿ ನಿಲಯದ ಐದಾರು ಬಾಲಿಕೆಯರು ಗುಟ್ಟಾಗಿ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಅದಕ್ಕೊಂದು ಸಂಕೇತಪದ, ಕೈ ಹಿಡಿಯುವ ಒಂದು ರೀತಿ, ಒಂದು ಆಣೆ. ಹೊರಗುಳಿದ ಹುಡುಗಿಯೊಬ್ಬಳು ಎರಡು ದಿನ ಊಟ ಬಿಟ್ಟಾಗ ಸಂಗತಿಯು ನಮಗೆ ತಿಳಿಯಬಂದಿತು. ನಾವು ಗದರಿಸಲಿಲ್ಲ, ಆ ವಾರದ ಚರಿತ್ರೆಯ ಪಾಠಕ್ಕೆ ಇದನ್ನೇ ವಿಷಯವಾಗಿ ತೆಗೆದುಕೊಂಡೆವು. ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದಲೆಂದು ಅದರ ಸಾರವನ್ನು ಇಲ್ಲಿ ಬರೆದಿರುತ್ತೇವೆ.

ಇಂಥ ಸಂಘಗಳಲ್ಲಿ ಪ್ರಸಿದ್ಧವಾದುದು ಫ್ರೀಮೇಸನ್ ಸಂಘವು. ಮೇಸನ್ ಎಂದರೆ ಕಲ್ಲುಕುಟಿಗ. ಯೂರೋಪು ಖಂಡದಲ್ಲಿ ದೊಡ್ಡ ದೇವಾಲಯಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಕಲ್ಲುಕೆಲಸದವರು ಊರಿಂದೂರಿಗೆ ಹೋಗುತ್ತಿದ್ದರು. ಕಟ್ಟಡದ ಮಗ್ಗುಲಲ್ಲಿ ಅವರು ಹಾಕಿಕೊಳ್ಳುತ್ತಿದ್ದ ಚಪ್ಪರಕ್ಕೆ ಲಾಡ್ಜ್ ಎಂದು ಹೆಸರು. ಅಪರಿಚಿತನೊಬ್ಬನು ಬಂದು, ತಾನು ಕೆಲಸವನ್ನು ಪೂರ್ತಿ ಕಲಿತವನೆಂದರೆ ನಂಬುವುದು ಹೇಗೆ? ಕೈಯಲ್ಲಿ ಸರ್ಟಿಫಿಕೇಟು ಇಲ್ಲ. ಸ್ಕಾಟ್ಲೆಂಡಿನ ಕಲ್ಲುಕುಟಿಗರೊಳಗೆ ಇದಕ್ಕಾಗಿ ಒಂದು ಗುಟ್ಟಿನ ಮಾತು ಇದ್ದಿತು. ಅದನ್ನು ಬಲ್ಲವನು ತಮ್ಮವನೆಂದು ಗೊತ್ತಾಗುತ್ತಿತ್ತು. ಗುಟ್ಟಿನ ಮೂಲವು ಹೊಟ್ಟೆಯ ಪಾಡೇ ಹೊರತು ಮಾಟಮಂತ್ರವಲ್ಲ.

ನಮ್ಮ ಸಾಸ್ವೆಹಳ್ಳಿಗೆ ಬಹುದೂರವಲ್ಲದ ಬಳ್ಳಿಗಾವಿಯ ಶಿಲ್ಪಿಗಳ ಬಗೆಯೇ ಬೇರೆ. ಅಲ್ಲಿಂದ ಹೋದ ದಾಸೋಜನೂ ಅವನ ಮಗನಾದ ಚಾವಣನೂ ೧೧೧೭ರ ಬೇಲೂರು ದೇವಾಲಯದಲ್ಲಿ ತಾವು ಕಡೆದ ಮದನಿಕೆಯರ ಕೆಳಗೆ ಹೆಸರನ್ನೂ ಬಿರುದನ್ನೂ ಕೊರೆದಿಟ್ಟರು. ಗುಟ್ಟು ಮಾಡುವ ಸ್ವಭಾವ ಅವರದಾಗಿರಲಿಲ್ಲ!

ಹದಿನೇಳನೆಯ ಶತಮಾನದಲ್ಲಿ ಉಳಿಯನ್ನೇ ಹಿಡಿಯದ ದೊಡ್ಡ ಮನುಷ್ಯರು ಈ ಲಾಡ್ಜುಗಳನ್ನು ಸೇರತೊಡಗಿದರು. ಎಲಿಯಾಸ್ ಆಶ್ಮೋಲ್ ಎಂಬ ವಿದ್ವಾಂಸನು ೧೬೪೬ರಲ್ಲಿ ಸೇರಿದನು. ೧೭೧೭ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದಾಗಿ ಮಹಾಲಾಡ್ಜ್ ಆಯಿತು. ಮಟ್ಟಗೋಲು, ಕೈವಾರ, ಕುರಿದೊಗಲಿನ ಮುಂಗವಚ ಇವು ಆಗ ನೀತಿಯ ಗುರುತುಗಳಾದವು. ಶಿಷ್ಯ, ಸಹಕರ್ಮಿ, ಗುರು ಎಂದು ಮೂರು ಮೆಟ್ಟಲುಗಳು. ಒಳಗೆ ಮತದ ವಾದವಾಗಲಿ ರಾಜಕೀಯವಾಗಲಿ ಕೂಡದು. ಆದರೂ ಈ ಗೋಪ್ಯವನ್ನು ಸಂಶಯಿಸಿ ಹನ್ನೆರಡನೆಯ ಕ್ಲೆಮೆಂಟ್ ಪೋಪರು ೧೭೩೮ರಲ್ಲಿ ಅದನ್ನು ನಿಷೇಧಿಸಿದರು.

ಇಂಡಿಯಾ ದೇಶಕ್ಕೆ ಅದು ಕಂಪೆನಿಯ ಜನರೊಂದಿಗೆ ೧೭೩೦ರ ಸುಮಾರಿಗೆ ಕಲ್ಕತ್ತೆಗೆ ಬಂದಿತು. ಬಾಗಿಲು ಮುಚ್ಚಿದ ಆ ಮನೆಯನ್ನು ಉತ್ತರದ ಜನರು ಜಾದೂಘರ್ ಎಂದು ಕರೆದರು. ಸಹೋದರತ್ವವನ್ನು ಸಾರುವ ಸಂಘವು ಕಲ್ಕತ್ತೆಯಲ್ಲಿ ಹಿಂದುವೊಬ್ಬನಾದ ಪ್ರಸನ್ನಕುಮಾರ ದತ್ತನನ್ನು ಒಳಕ್ಕೆ ಬಿಡಲು ೧೮೭೨ರವರೆಗೆ ತಡೆಯಿತೆಂಬುದು ನಮ್ಮ ಮನಸ್ಸಿಗೆ ನೋವನ್ನುಂಟುಮಾಡುತ್ತದೆ. ಇಂಡಿಯಾದ ಸ್ವತಂತ್ರ ಮಹಾಲಾಡ್ಜ್ ೧೯೬೧ರಲ್ಲಿ ಸ್ಥಾಪಿತವಾಯಿತು. ರಾಂಪುರದ ನವಾಬರು ಅದರ ಮೊದಲ ಅಧ್ಯಕ್ಷರು.

“ಹೆಂಗಸರು ಸೇರಬಹುದೇ, ಅಮ್ಮಾ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿತು. ೧೭೨೩ರ ನಿಬಂಧನೆಯು ದಾಸರನ್ನೂ ದುರ್ನಡತೆಯವರನ್ನೂ ಹೆಂಗಸರನ್ನೂ ಒಂದೇ ಉಸಿರಿನಲ್ಲಿ ಹೊರಗಿಟ್ಟಿದೆಯೆಂದು ಹೇಳಿದೆವು. ತರಗತಿಯಲ್ಲಿ ಗುಸುಗುಸು ಎದ್ದಿತು. ಫ್ರಾನ್ಸಿನ ಮರಿಯಾ ದೆರೇಮ್ ಎಂಬಾಕೆಯು ೧೮೮೨ರಲ್ಲಿ ಒಂದು ಲಾಡ್ಜಿನೊಳಕ್ಕೆ ಪ್ರವೇಶಿಸಿ, ೧೮೯೩ರಲ್ಲಿ ಸ್ತ್ರೀಪುರುಷರಿಬ್ಬರಿಗೂ ತೆರೆದ ಪಂಗಡವನ್ನೇ ಹುಟ್ಟಿಸಿದಳೆಂದೂ ಆನಿ ಬೆಸೆಂಟರು ಅದಕ್ಕೆ ಸೇರಿದರೆಂದೂ ತಿಳಿಸಿದ ಮೇಲೆಯೇ ಅದು ಅಡಗಿತು. ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗೆ ಕೇಡು ನಡೆಯುತ್ತದೆಂದು ನಾವು ನಂಬುವುದಿಲ್ಲ. ಆದರೆ ಹೊರಗೆ ಯಾರು ನಿಂತಿದ್ದಾರೆಂದು ಒಮ್ಮೆ ನೋಡಿರೆಂದು ಆ ಐದಾರು ಮಂದಿಗೆ ಹೇಳಿದೆವು.

ಮರುದಿನ ರಾತ್ರಿ ಆ ಹುಡುಗಿಯು ಎಲ್ಲರೊಂದಿಗೆ ಊಟಕ್ಕೆ ಕುಳಿತಿದ್ದಳು. ಸಂಕೇತಪದವನ್ನು ಬದಲಿಸಿದ್ದಾರಂತೆ, ನಮಗೆ ಇನ್ನೂ ಹೇಳಿಲ್ಲ.