‘ಉಷ್ಣ’ ಪಾಠದಿಂದ ಬೆಚ್ಚನೆಯ ಮನೆಗೆ: ಮಂಡಗದ್ದೆಯಲ್ಲಿ ಒಂದು ಬೋಧನಾಭ್ಯಾಸ

ಬೋಧನಾಭ್ಯಾಸದ ಅವಧಿಯಲ್ಲಿ ಮಂಡಗದ್ದೆ ಸಮೀಪದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಗೆ ‘ಉಷ್ಣ’ ಘಟಕವನ್ನು ಬೋಧಿಸುವ ಅವಕಾಶ ನನಗೆ ದೊರೆಯಿತು. ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯಲ್ಲಿ ತುಂಗಾ ನದಿಯ ದಡದಲ್ಲಿರುವ ಮಂಡಗದ್ದೆಯನ್ನು ಹೊರಗಿನವರು ಪಕ್ಷಿಧಾಮದಿಂದ ಬಲ್ಲರು. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಡಿಸೆಂಬರ್, ಜನವರಿಯ ಹೊತ್ತಿಗೆ ಅದೇ ಹೊಳೆಯ ಮೇಲೆ ಬೆಳಗಿನ ಮಂಜು ಕೂತಿರುತ್ತದೆ. ಮಕ್ಕಳು ಸ್ವೆಟರ್ ಹಾಕಿಕೊಂಡು ಬರುತ್ತಾರೆ, ಮಧ್ಯಾಹ್ನಕ್ಕೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ಹಗಲು ಬಿಸಿಲು, ರಾತ್ರಿ ಚಳಿ ಎಂಬ ಈ ಅಂತರವೇ ನಮ್ಮ ಪಾಠಕ್ಕೆ ಸಿಕ್ಕ ಮೊದಲ ಬೋಧನೋಪಕರಣ.

ಘಟಕದಲ್ಲಿ ಉಷ್ಣದ ವಹನ, ಸಂವಹನ, ವಿಕಿರಣಗಳಿವೆ. ಇವುಗಳ ವ್ಯಾಖ್ಯೆಯನ್ನು ಮಕ್ಕಳು ಒಂದೇ ಅವಧಿಯಲ್ಲಿ ಬಾಯಿಪಾಠ ಮಾಡಿಬಿಡಬಲ್ಲರು. ಆದರೆ ‘ಕಡಿಮೆ ಖರ್ಚಿನಲ್ಲಿ ಮನೆಯನ್ನು ಬೆಚ್ಚಗಿಡುವುದು ಹೇಗೆ?’ ಎಂಬ ಪ್ರಶ್ನೆಗೆ ಆ ವ್ಯಾಖ್ಯೆಗಳನ್ನು ಬಳಸಬಲ್ಲರೇ ಎಂಬುದನ್ನು ನೋಡುವುದು ನನ್ನ ಉದ್ದೇಶವಾಗಿತ್ತು. ನಾಲ್ಕು ಅವಧಿಗಳ ಈ ಪಾಠದ ಯೋಜನೆ, ನಡೆದ ಬಗೆ ಮತ್ತು ಅದರಿಂದ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದಾದ ಅಂಶಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಕಲಿಕಾ ಫಲಗಳು

1. ಉಷ್ಣ ಉಂಟುಮಾಡುವ ವಸ್ತು ಮತ್ತು ಉಷ್ಣವನ್ನು ತಡೆಹಿಡಿಯುವ ವಸ್ತುಗಳ ವ್ಯತ್ಯಾಸವನ್ನು ಮಗು ಪ್ರಯೋಗದಿಂದ ಹೇಳುತ್ತದೆ.
2. ತನ್ನ ಮನೆಯಲ್ಲಿ ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಎಂಬುದನ್ನು ಗುರುತಿಸುತ್ತದೆ.
3. ಬೆಂಕಿಯಿಂದ ಮನೆ ಬೆಚ್ಚಗಿಡುವಾಗಿನ ಅಪಾಯವನ್ನು ತಿಳಿದು, ಅದನ್ನು ಮನೆಯ ಹಿರಿಯರಿಗೆ ಗೌರವದಿಂದ ತಿಳಿಸುತ್ತದೆ.

ಒಂದನೇ ಅವಧಿ: ಕಂಬಳಿ ಬಿಸಿ ಕೊಡುತ್ತದೆಯೇ?

‘ಕಂಬಳಿ ಯಾಕೆ ಹೊದೆಯುತ್ತೀರಿ?’ ಎಂದು ಕೇಳಿದೆ. ‘ಕಂಬಳಿ ಬಿಸಿ ಕೊಡ್ತದೆ ಮಿಸ್’ ಎಂಬುದು ಬಹುತೇಕರ ಉತ್ತರ. ಇದನ್ನು ತಿದ್ದಲು ಹೋಗದೆ ಎರಡು ಒಂದೇ ಗಾತ್ರದ ಮಂಜುಗಡ್ಡೆಗಳನ್ನು ಎರಡು ತಟ್ಟೆಗಳಲ್ಲಿಟ್ಟೆ. ಅಂಗಡಿಯೊಂದರ ಫ್ರಿಜ್ಜಿನಿಂದ ಫ್ಲಾಸ್ಕಿನಲ್ಲಿ ತಂದಿದ್ದವು. ಒಂದನ್ನು ಕಂಬಳಿಯ ತುಂಡಿನಲ್ಲಿ ಸುತ್ತಿದೆ, ಇನ್ನೊಂದನ್ನು ಹಾಗೆಯೇ ಬಿಟ್ಟೆ. ಯಾವುದು ಮೊದಲು ಕರಗುತ್ತದೆ ಎಂಬ ಊಹೆಯನ್ನು ಪ್ರತಿಯೊಬ್ಬರೂ ಪಟ್ಟಿಯಲ್ಲಿ ಬರೆದಿಟ್ಟರು. ಕಂಬಳಿಯೊಳಗಿನದು ಬೇಗ ಕರಗುತ್ತದೆ ಎಂದು ಬರೆದವರೇ ಹೆಚ್ಚು.

ಇಪ್ಪತ್ತು ನಿಮಿಷದ ನಂತರ ಬಿಚ್ಚಿದಾಗ ಕಂಬಳಿಯೊಳಗಿನ ಗಡ್ಡೆ ದೊಡ್ಡದಾಗಿಯೇ ಉಳಿದಿತ್ತು. ಹೊರಗಿನದು ಬಹುಪಾಲು ನೀರಾಗಿತ್ತು. ಮಕ್ಕಳು ತಾವಾಗಿಯೇ ಆಡಿದ ಮಾತು, ‘ಹಂಗಾದ್ರೆ ಕಂಬಳಿ ಬಿಸಿನೂ ಕೊಡಲ್ಲ, ತಂಪೂ ಕೊಡಲ್ಲ, ತಡೀತದೆ ಅಷ್ಟೆ.’ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಉಷ್ಣದ ಮಂದ ವಾಹಕ ಎಂಬ ವಿವರಣೆಗೆ ಆಗ ಜಾಗ ಸಿಕ್ಕಿತು. ಹಾಗಾದರೆ ಕಂಬಳಿಯೊಳಗಿನ ಬಿಸಿ ಯಾರದು? ನಮ್ಮದೇ. ಸುಮ್ಮನೆ ಕುಳಿತಿರುವ ವಯಸ್ಕರ ದೇಹ ಸುಮಾರು 100 ವ್ಯಾಟ್ ಬಲ್ಬಿನಷ್ಟು ಉಷ್ಣವನ್ನು ಹೊರಬಿಡುತ್ತಿರುತ್ತದೆ. ಮನೆಯಲ್ಲಿ ಐದು ಜನರಿದ್ದರೆ ಐದು ಬಲ್ಬುಗಳು ಉರಿದಂತೆ ಎಂದಾಗ ಮಕ್ಕಳಿಗೆ ಖುಷಿಯಾಯಿತು.

ಎರಡನೇ ಅವಧಿ: ನಾಲ್ಕು ಲೋಟಗಳು

ನಾಲ್ಕು ಸ್ಟೀಲ್ ಲೋಟಗಳಿಗೆ ಒಂದೇ ಪ್ರಮಾಣದ ಬಿಸಿನೀರು ಹಾಕಿದೆವು. ಒಂದು ಬರಿಯದು, ಒಂದಕ್ಕೆ ಗೋಣಿಚೀಲದ ಸುತ್ತು, ಒಂದಕ್ಕೆ ಒಣಹುಲ್ಲಿನ ಸುತ್ತು, ಒಂದಕ್ಕೆ ಒದ್ದೆ ಬಟ್ಟೆಯ ಸುತ್ತು. ಗುಂಪಿಗೊಂದು ಲೋಟ, ಹತ್ತು ನಿಮಿಷಕ್ಕೊಮ್ಮೆ ತಾಪಮಾಪಕದ ಓದು. ಹುಲ್ಲು ಮತ್ತು ಗೋಣಿ ಸುತ್ತಿದವು ನಿಧಾನವಾಗಿ ತಣಿದವು. ಒದ್ದೆ ಬಟ್ಟೆಯದು ಎಲ್ಲಕ್ಕಿಂತ ಬೇಗ ತಣಿಯಿತು. ನೀರು ಆವಿಯಾಗುವಾಗ ಲೋಟದ ಉಷ್ಣವನ್ನು ಹೀರಿಕೊಳ್ಳುತ್ತದೆ. ಮಲೆನಾಡಿಗೆ ಈ ನಾಲ್ಕನೇ ಲೋಟ ಮುಖ್ಯ. ಥಂಡಿ ಹಿಡಿದ ಹಾಸಿಗೆ, ಅರೆ ಒಣಗಿದ ಕಂಬಳಿ ಚಳಿಯನ್ನು ತಡೆಯುವುದಿಲ್ಲ. ಚಳಿಗಾಲದ ಹಗಲಲ್ಲಿ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕುವುದು ಖರ್ಚಿಲ್ಲದ ಮೊದಲ ಉಪಾಯ.

ಈ ಅವಧಿಯ ಕೊನೆಗೆ ‘ನಮ್ಮ ಮನೆಯ ಬಿಸಿ’ ಎಂಬ ಚಟುವಟಿಕೆ ಹಾಳೆ ಕೊಟ್ಟೆ. ಅದರಲ್ಲಿ ಆರು ಪ್ರಶ್ನೆಗಳು: ಮನೆಯ ಮಾಡು ಯಾವುದರದು? ಮುಚ್ಚಿಗೆ ಇದೆಯೇ? ನೆಲ ಯಾವುದು? ಗಾಳಿ ಎಲ್ಲೆಲ್ಲಿ ನುಗ್ಗುತ್ತದೆ? ಬೆಂಕಿ ಎಲ್ಲೆಲ್ಲಿ, ಯಾವಾಗ ಇರುತ್ತದೆ? ಆಗ ಕಿಟಕಿ, ಬಾಗಿಲು ತೆರೆದಿರುತ್ತವೆಯೇ? ಬೆಳಿಗ್ಗೆ ಹಿರಿಯರು ಎಲ್ಲಿ ಕೂರುತ್ತಾರೆ ಎಂಬುದನ್ನು ಚಿತ್ರದಲ್ಲಿ ಗುರುತಿಸಬೇಕಿತ್ತು. ಮನೆಯ ಬಡತನ, ಸಿರಿತನ ಹೊರಬೀಳುವ ಪ್ರಶ್ನೆಗಳನ್ನು ಬೇಕೆಂದೇ ಸೇರಿಸಲಿಲ್ಲ. ಹಾಳೆಯ ಮೇಲೆ ಹೆಸರು ಬರೆಯುವುದು ಬಿಡುವುದು ಮಕ್ಕಳ ಇಚ್ಛೆಗೆ ಬಿಟ್ಟೆ.

ಮೂರನೇ ಅವಧಿ: ಹಾಳೆಗಳು ಹೇಳಿದ್ದು

ಹಾಳೆಗಳನ್ನು ಕರಿಹಲಗೆಯ ಮೇಲೆ ಕ್ರೋಡೀಕರಿಸಿದಾಗ ಊರಿನ ಮನೆಗಳ ವಿಜ್ಞಾನ ಕಾಣತೊಡಗಿತು.

ಮಾಡು: ಹಂಚಿನ ಮನೆಗಳು ಹೆಚ್ಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಆ ಬಗೆಯ ಹಂಚು ಘಟ್ಟದ ಮೇಲೂ ಹರಡಿತು. ಅದಕ್ಕೆ ಮೊದಲು ಇಲ್ಲಿನ ಮಾಡುಗಳಿಗೆ ಹುಲ್ಲು ಮತ್ತು ಅಡಿಕೆ ಸೋಗೆಯ ಹೊದಿಕೆ ಇರುತ್ತಿತ್ತು. ಹಂಚು ಮಳೆಯನ್ನು ತಡೆಯುತ್ತದೆ, ಆದರೆ ಬಿಸಿಗಾಳಿ ಮೇಲೇರಿ ಅದರ ಸಂದುಗಳಿಂದ ಹೊರಟುಹೋಗುತ್ತದೆ. ಹಳೆಯ ಮನೆಗಳಲ್ಲಿ ಮಲಗುವ ಕೋಣೆಗೆ ಮರದ ಮುಚ್ಚಿಗೆ ಮಾಡಿದ್ದು ಈ ಕಾರಣಕ್ಕೂ ಹೌದು. ಮುಚ್ಚಿಗೆ ಇಲ್ಲದ ಮನೆಯ ಮಕ್ಕಳಿಗೆ ‘ಮಲಗುವ ಜಾಗದ ಮೇಲಾದರೂ ಬಿದಿರಿನ ತಟ್ಟಿ ಅಥವಾ ದಪ್ಪ ಬಟ್ಟೆ ಕಟ್ಟಬಹುದು, ಒಲೆ ಇರುವ ಕಡೆ ಮಾತ್ರ ಬೇಡ’ ಎಂಬ ಉಪಾಯ ಗುಂಪುಚರ್ಚೆಯಲ್ಲೇ ಹೊಳೆಯಿತು. ತಗಡಿನ ಮಾಡು ರಾತ್ರಿ ಆಕಾಶಕ್ಕೆ ಉಷ್ಣವನ್ನು ಬೇಗ ವಿಕಿರಣ ಮಾಡಿ ತಣಿಯುತ್ತದೆ. ಬೆಳಗಿನ ಜಾವ ಅದರ ಒಳಮೈಯಿಂದ ನೀರಹನಿ ತೊಟ್ಟಿಕ್ಕುವುದನ್ನು ಮಕ್ಕಳೇ ಕಂಡಿದ್ದರು.

ಬಿಸಿಲು: ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ನಡುಹಗಲಿನಲ್ಲೂ ಮಂಡಗದ್ದೆಯಲ್ಲಿ ಸೂರ್ಯನ ಎತ್ತರ ದಿಗಂತದಿಂದ ಸುಮಾರು 53 ಡಿಗ್ರಿ. ಆದ್ದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಬಿಸಿಲೇರಿದ ಮೇಲೆ ಆ ಕಿಟಕಿ ತೆರೆದು, ಸಂಜೆ ನಾಲ್ಕರ ಸುಮಾರಿಗೆ ಮುಚ್ಚಿದರೆ ಗೋಡೆ, ನೆಲ ಹೀರಿಕೊಂಡ ಬಿಸಿ ರಾತ್ರಿಗೆ ಸ್ವಲ್ಪವಾದರೂ ಉಳಿಯುತ್ತದೆ.

ಬೆಂಕಿ: ಬಚ್ಚಲೊಲೆ ಎಲ್ಲ ಹಾಳೆಗಳಲ್ಲೂ ಇತ್ತು. ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಅಡಿಕೆ ಬೇಯಿಸುವ ಒಲೆಯ ಸುತ್ತ ಕೂತು ಸುಲಿಯುವವರ ಚಿತ್ರವನ್ನೂ ಹಲವರು ಬರೆದಿದ್ದರು. ಬಚ್ಚಲೊಲೆಯ ಸಂದರ್ಭದಲ್ಲಿ ಅಸ್ತ್ರ ಒಲೆಯ ಬಗ್ಗೆ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿ ರೂಪಿಸಿದ ಒಲೆಯಲ್ಲಿ ಉರಿ ಮುಚ್ಚಿದ ಗೂಡಿನೊಳಗೆ ಪಾತ್ರೆಗಳ ತಳ ಸವರಿಕೊಂಡು ಹೋಗಿ, ಹೊಗೆ ಕೊಳವೆಯಿಂದ ಹೊರಬೀಳುತ್ತದೆ. ಕಡಿಮೆ ಸೌದೆ, ಮನೆಯೊಳಗೆ ಕಡಿಮೆ ಹೊಗೆ. ಸೌದೆ ಒಣಗಿರುವುದೂ ಅಷ್ಟೇ ಮುಖ್ಯ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಉಷ್ಣ ಬೇಕು. ಹಸಿ ಸೌದೆ ಉರಿಸಿದರೆ ಅದರ ಬಿಸಿಯ ಒಂದು ಪಾಲು ತನ್ನ ನೀರನ್ನು ತಾನೇ ಆರಿಸಿಕೊಳ್ಳಲು ಹೋಗುತ್ತದೆ.

ವಿದ್ಯುತ್: ಒಬ್ಬ ಹುಡುಗ ‘ರೂಮ್ ಹೀಟರ್ ತಂದ್ರೆ ಆಯ್ತಲ್ಲ ಮಿಸ್’ ಎಂದ. ಲೆಕ್ಕ ಮಾಡಿದೆವು. 2,000 ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್. ದಿನಕ್ಕೆ 3 ಗಂಟೆಯಾದರೆ 6, ತಿಂಗಳಿಗೆ 180 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ, ಅದೂ ಮನೆಯ ಹಿಂದಿನ ಸರಾಸರಿ ಬಳಕೆಗೆ ತಕ್ಕ ಮಿತಿಯಲ್ಲಿ ಮಾತ್ರ ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಇದರ ಎದುರಿಗೆ ಒಂದು ಲೀಟರ್ ನೀರಿನ ರಬ್ಬರ್ ಚೀಲವನ್ನು ಇಟ್ಟೆವು. ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಲು 210 ಕಿಲೋಜೂಲ್ ಸಾಕು, ಅಂದರೆ ಒಂದು ಯೂನಿಟ್ಟಿನ ಹದಿನೇಳರಲ್ಲಿ ಒಂದು ಪಾಲು. ಕೋಣೆಯ ಗಾಳಿಯನ್ನೆಲ್ಲ ಕಾಯಿಸುವುದಕ್ಕಿಂತ ಹೊದಿಕೆಯೊಳಗಿನ ಮನುಷ್ಯನನ್ನು ಬೆಚ್ಚಗಿಡುವುದು ಅಗ್ಗ ಎಂಬ ತೀರ್ಮಾನಕ್ಕೆ ತರಗತಿಯೇ ಬಂದಿತು. ಚೀಲಕ್ಕೆ ಕುದಿಯುವ ನೀರು ಹಾಕಬಾರದು, ಬಟ್ಟೆ ಸುತ್ತಿಯೇ ಇಡಬೇಕು ಎಂಬ ಎಚ್ಚರಿಕೆಯನ್ನೂ ಬರೆದುಕೊಂಡರು.

ಇಷ್ಟರಲ್ಲಿ ಒಬ್ಬ ಹುಡುಗಿ ತನ್ನ ಹಾಳೆಯನ್ನು ಓದಿದಳು. ‘ನಮ್ಮಜ್ಜಿ ಕೋಣೇಲಿ ರಾತ್ರಿ ಬಾಣಲೆಗೆ ಕೆಂಡ ಹಾಕಿ ಇಡ್ತೀವಿ. ಗಾಳಿ ಬರ್ದಂಗೆ ಕಿಟಕಿ ಸಂದಿಗೆ ಬಟ್ಟೆ ತುರುಕ್ತೀವಿ. ಹೊಗೆ ಏನೂ ಇರಲ್ಲ ಮಿಸ್, ಬರೀ ಕೆಂಡ.’ ಬಾಣಂತಿ ಕೋಣೆಯಲ್ಲೂ ಹೀಗೇ ಇಡುತ್ತಾರೆ ಎಂದು ಇನ್ನಿಬ್ಬರು ದನಿಗೂಡಿಸಿದರು. ಪಾಠದ ಅತ್ಯಂತ ಮುಖ್ಯವಾದ ಭಾಗ ಇಲ್ಲಿಂದ ಶುರುವಾಯಿತು.

ಹೊಗೆ ಇಲ್ಲದ ಅಪಾಯ

‘ಹೊಗೆ ಇಲ್ಲದಿದ್ದರೆ ತೊಂದರೆಯಿಲ್ಲ’ ಎಂಬುದು ಮಕ್ಕಳ ಪೂರ್ವಕಲ್ಪನೆ ಮಾತ್ರವಲ್ಲ, ದೊಡ್ಡವರದೂ ಹೌದು. ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ, ಹೊರಗೆ ಓಡಿಸುತ್ತದೆ. ಕೆಂಡ ಅಂಥ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಾಕಷ್ಟು ಗಾಳಿ ಸಿಗದೆ ಕೆಂಡ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣ, ವಾಸನೆ ಇಲ್ಲದ ಅನಿಲ ಹೊರಬರುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಕೂಡಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಈ ಲಕ್ಷಣಗಳು ತಿಳಿಯುವುದೇ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿದಾಗಲೂ ಇದೇ ಅಪಾಯವಿದೆ.

ಇಲ್ಲಿ ಬೋಧಕರು ಒಂದು ವಿಷಯ ಗಮನಿಸಬೇಕು. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚುವ ಪ್ರಯೋಗ ನಮ್ಮೆಲ್ಲರ ಕೈಯಲ್ಲಿದೆ. ದಹನಕ್ಕೆ ಗಾಳಿ ಬೇಕು ಎಂಬುದಕ್ಕೆ ಅದು ಸರಿ. ಕೆಂಡದ ಅಪಾಯಕ್ಕೆ ಅದನ್ನೇ ತೋರಿಸಿದರೆ, ‘ಬೆಂಕಿ ಆರದೆ ಇರುವವರೆಗೆ ಅಪಾಯವಿಲ್ಲ’ ಎಂದು ಮಗು ತಿಳಿಯುವ ಸಂಭವವಿದೆ. ಬೆಂಕಿ ಆರುವುದಕ್ಕೆ ಬಹಳ ಮೊದಲೇ ವಿಷಾನಿಲ ಸೇರಿರಬಹುದು. ಆದ್ದರಿಂದ ಆ ಪ್ರಯೋಗವನ್ನು ಇಲ್ಲಿ ಬಳಸದೆ, ಕೋಣೆಯ ಚಿತ್ರ ಬರೆದು ಅನಿಲದ ಚುಕ್ಕೆಗಳನ್ನು ಮಕ್ಕಳಿಂದಲೇ ಹಾಕಿಸಿದೆ. ಕಿಟಕಿ ತೆರೆದ ಚಿತ್ರ ಒಂದು, ಮುಚ್ಚಿದ ಚಿತ್ರ ಒಂದು. ಎರಡನ್ನೂ ನೋಡಿ ಅವರು ಒಂದು ನಿಯಮ ಮಾಡಿದರು: ‘ಬೆಂಕಿ ಇದ್ದಲ್ಲಿ ಸಂದು ಮುಚ್ಚಬಾರದು, ಸಂದು ಮುಚ್ಚಿದಲ್ಲಿ ಬೆಂಕಿ ಇಡಬಾರದು.’ ಇಡೀ ಘಟಕದ ಸಾರ ಈ ಮಾತಿನಲ್ಲಿದೆ.

ನಾಲ್ಕನೇ ಅವಧಿ: ಅಜ್ಜಿಗೆ ಹೇಳುವುದು ಹೇಗೆ?

ಅಜ್ಜಿಗೆ ಬೆಚ್ಚಗಾಗಲು ಬೇರೆ ದಾರಿ ತೋರಿಸದೆ ಕೆಂಡ ತೆಗೆಯಿರಿ ಎಂದರೆ ಅದು ಅರ್ಧ ಪಾಠ. ಚಳಿ ಅವರಿಗೆ ನಿಜ. ಆದ್ದರಿಂದ ಪಾತ್ರಾಭಿನಯ ಮಾಡಿಸಿದೆ. ಮೊದಲ ಜೋಡಿಯ ‘ಮೊಮ್ಮಗ’ ಅನಿಲದ ಹೆಸರು ಹೇಳಿ ಭಾಷಣ ಮಾಡಿದ. ‘ಅಜ್ಜಿ’ ಆಗಿದ್ದವಳು ‘ನಾ ಎಷ್ಟು ಚಳಿಗಾಲ ಕಂಡಿದೀನಿ ಮಾರಾಯ, ಹೋಗು’ ಎಂದು ಹೊದ್ದು ಮಲಗಿದಳು. ತರಗತಿ ನಕ್ಕಿತು, ಆದರೆ ಕಾರಣ ಏನೆಂದು ಚರ್ಚೆಯೂ ಆಯಿತು. ಎರಡನೇ ಜೋಡಿಯ ಮಾತು ಹೀಗಿತ್ತು: ‘ಅಜ್ಜೀ, ನೀವು ಮಲಗೋವರೆಗೂ ಕೆಂಡ ಇರ್ಲಿ, ಬಾಗಿಲು ತೆಗ್ದೇ ಕೂತ್ಕೊಳ್ಳಣ. ಮಲಗೋವಾಗ ನಾನೇ ಹೊರಗೆ ಅಂಗಳಕ್ಕೆ ಇಡ್ತೀನಿ. ಕಾಲ ಹತ್ರ ಬಿಸಿನೀರಿನ ಚೀಲ ಇಡ್ತೀನಿ, ಹಾಸಿಗೆ ಕೆಳಗೆ ಗೋಣಿ ಹಾಸ್ತೀನಿ.’ ಈ ಸಲ ‘ಅಜ್ಜಿ’ ಒಪ್ಪಿದಳು.

ಪ್ರಾಣದ ಪ್ರಶ್ನೆಯನ್ನು ಮಗುವಿನ ಹೆಗಲಿಗಷ್ಟೇ ಹೊರಿಸಬಾರದು. ಹುಡುಗಿಯ ಮಾತು ಕೇಳಿದ ದಿನವೇ ತರಗತಿ ಶಿಕ್ಷಕರ ಗಮನಕ್ಕೆ ತಂದೆ. ಅವರು ಅದೇ ಸಂಜೆ ಮನೆಯವರ ಜೊತೆ ಫೋನಿನಲ್ಲಿ ಮಾತನಾಡಿದರು. ಕೋಣೆಯಲ್ಲಿ ಯಾರಾದರೂ ಮಂಪರಿನಲ್ಲಿ ಬಿದ್ದಿದ್ದರೆ ಬಾಗಿಲು, ಕಿಟಕಿ ತೆರೆದು ಅವರನ್ನು ಹೊರಗೆ ತರಬೇಕು, 108ಕ್ಕೆ ಕರೆ ಮಾಡಬೇಕು ಎಂಬುದನ್ನು ಎಲ್ಲ ಮಕ್ಕಳ ದಿನಚರಿಯಲ್ಲೂ ಬರೆಸಿದೆವು. ಕೆಲವು ದಿನಗಳ ನಂತರ ಆ ಹುಡುಗಿ, ‘ಬಾಣಲೆ ಈಗ ಜಗಲಿಲಿ ಮಿಸ್. ಅಜ್ಜಿ ಅಲ್ಲೇ ಕೈ ಕಾಯ್ಸಿಕೊಂಡು ಒಳಗೆ ಬರ್ತಾರೆ. ಚೀಲ ತಣ್ಣಗಾಯ್ತು ಅಂತ ರಾತ್ರಿ ಒಂದ್ಸಲ ಬೈತಾರೆ’ ಎಂದು ವರದಿ ಕೊಟ್ಟಳು.

ಮೌಲ್ಯಮಾಪನ

ವ್ಯಾಖ್ಯೆ ಕೇಳುವ ಬದಲು ಸನ್ನಿವೇಶದ ಪ್ರಶ್ನೆಗಳನ್ನು ಕೊಟ್ಟೆ.
1. ಒಂದು ದಪ್ಪ ಕಂಬಳಿ, ಎರಡು ತೆಳು ಹೊದಿಕೆ – ಎರಡು ತೆಳು ಹೊದಿಕೆಗಳ ನಡುವೆ ಏನಿರುತ್ತದೆ? ಅದರಿಂದ ಏನು ಲಾಭ?
2. ಬಾಗಿಲ ಕೆಳಗಿನ ಸಂದಿಗೆ ಮರಳು ತುಂಬಿದ ಬಟ್ಟೆಯ ಸುರುಳಿ ಇಡುವುದು ಯಾವ ಕೋಣೆಯಲ್ಲಿ ಸರಿ, ಯಾವ ಕೋಣೆಯಲ್ಲಿ ತಪ್ಪು?
3. ನಿಮ್ಮ ಮನೆಯಲ್ಲಿ ಹಣ ಖರ್ಚಿಲ್ಲದೆ ಮಾಡಬಹುದಾದ ಒಂದು ಬದಲಾವಣೆಯನ್ನು ಬರೆದು, ವಹನ, ಸಂವಹನ, ವಿಕಿರಣಗಳಲ್ಲಿ ಅದು ಯಾವುದನ್ನು ತಡೆಯುತ್ತದೆ ಎಂದು ತಿಳಿಸಿ.

ಎರಡನೇ ಪ್ರಶ್ನೆಗೆ ಬಂದ ಉತ್ತರಗಳು ನನಗೆ ಹೆಚ್ಚು ಸಮಾಧಾನ ತಂದವು. ವ್ಯಾಖ್ಯೆ ಬರೆಯಲು ತಡವರಿಸುವ ಮಕ್ಕಳೂ ‘ಒಲೆ ಇರೋ ಕೋಣೇಲಿ ತಪ್ಪು’ ಎಂದು ಕಾರಣಸಹಿತ ಬರೆದಿದ್ದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ನವೆಂಬರ್ ಕೊನೆಯಿಂದ ಜನವರಿಯೊಳಗೆ ಇಟ್ಟುಕೊಳ್ಳಿ, ಆಗ ಮನೆಯೇ ಪ್ರಯೋಗಶಾಲೆಯಾಗುತ್ತದೆ. ಊಹೆ ಬರೆಸದೆ ಮಂಜುಗಡ್ಡೆಯ ಪ್ರಯೋಗ ತೋರಿಸಬೇಡಿ, ಊಹೆ ತಪ್ಪಾದಾಗಲೇ ಮಗು ಯೋಚಿಸುವುದು. ಬಯಲುಸೀಮೆಯ ಶಾಲೆಯಲ್ಲಿದ್ದರೆ ಸೋಗೆ, ಮುಚ್ಚಿಗೆಗಳ ಬದಲು ಅಲ್ಲಿನ ಮಾಳಿಗೆ ಮನೆ, ಕೌದಿಗಳನ್ನು ತೆಗೆದುಕೊಳ್ಳಿ. ಚಟುವಟಿಕೆ ಹಾಳೆಯ ಕೊನೆಯ ಎರಡು ಪ್ರಶ್ನೆಗಳನ್ನು, ಬೆಂಕಿ ಎಲ್ಲಿದೆ ಮತ್ತು ಆಗ ಕಿಟಕಿ ತೆರೆದಿದೆಯೇ ಎಂಬವನ್ನು, ಯಾವ ಊರಿನಲ್ಲೂ ಬಿಡಬೇಡಿ. ಉತ್ತರಗಳನ್ನು ಓದಿದ ದಿನವೇ ಅಗತ್ಯವಿದ್ದಲ್ಲಿ ತರಗತಿ ಶಿಕ್ಷಕರೊಂದಿಗೆ ಮಾತನಾಡಿ.