29 ದಿನ ಮುಂಚೆ ಬಂದ ಟಿ.ವಿ.

ನಮ್ಮ ಮನೆಗೆ 43 ಇಂಚಿನ ಸ್ಮಾರ್ಟ್ ಟಿ.ವಿ. ಬಂದದ್ದು 2025ರ ಆಗಸ್ಟ್ 24, ಭಾನುವಾರ. ಗೌರಿ ಹಬ್ಬಕ್ಕೆ ಎರಡು ದಿನ ಬಾಕಿ ಇತ್ತು. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಸೆಪ್ಟೆಂಬರ್ 22, ಸೋಮವಾರ, ನವರಾತ್ರಿಯ ಮೊದಲ ದಿನ. ನಡುವೆ 29 ದಿನ.

ಲಗ್ಗೆರೆಯ ನಮ್ಮ ಬೀದಿಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿಕೊಂಡಿದ್ದರೆ ಪಾಪ ಅನ್ನಬಹುದಿತ್ತು. ನಾನು ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್‌ನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತವನು. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ತುಂಬುವುದೇ ನನಗೆ ಅನ್ನ. ಸಾಲದ್ದಕ್ಕೆ, ಆಗಸ್ಟ್ 15ರ ಬೆಳಿಗ್ಗೆ ಕೆಂಪುಕೋಟೆಯಿಂದ ಪ್ರಧಾನಿಗಳು ದೀಪಾವಳಿಯ ಹೊತ್ತಿಗೆ ಜಿಎಸ್‌ಟಿ ಕಡಿಮೆ ಮಾಡುತ್ತೇವೆ ಎಂದದ್ದನ್ನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನಮ್ಮ ಹಳೇ ಟಿ.ವಿ.ಯಲ್ಲೇ ಕೇಳಿದ್ದೆ. ಶೇ 28ರ ಸಾಲಿನಲ್ಲಿರುವ ಹೆಚ್ಚಿನ ಸಾಮಾನು 18ಕ್ಕೆ ಬರುತ್ತದೆ ಅಂತ ಆಮೇಲಿನ ಪೇಪರುಗಳಲ್ಲೂ ಓದಿದ್ದೆ. ಓದಿ, ಪೇಪರ್ ಮಡಚಿಟ್ಟು, ಒಂಬತ್ತನೇ ದಿನಕ್ಕೆ ಹೋಗಿ ಟಿ.ವಿ. ತಂದೆ.

ಆಸೆ ಹುಟ್ಟಿದ್ದು ಅದಕ್ಕೂ ಮುಂಚೆ, ಜೂನ್ 3ರ ರಾತ್ರಿ. ಆರ್‌ಸಿಬಿ ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಸಲ ಕಪ್ ಗೆದ್ದ ರಾತ್ರಿ. ಎದುರು ಮನೆಯವರು 55 ಇಂಚಿನದು ತಂದಿದ್ದರು. ನನ್ನ ಮಗಳು ಅಲ್ಲಿ, ನಾನು ನಮ್ಮ ಹಾಲಿನಲ್ಲಿ 2016ರ 32 ಇಂಚಿನ ಎಲ್‌ಇಡಿ ಮುಂದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ: ಪಂಜಾಬಿನ ಒಂದೊಂದು ವಿಕೆಟ್ ಬಿದ್ದಾಗಲೂ ಮೊದಲು ಕೂಗಿದವನು ನಾನು. ನಮ್ಮದು ಕೇಬಲ್, ಅವರದು ಇಂಟರ್‌ನೆಟ್ಟಿನಲ್ಲಿ ಬರುವ ಆಟ. ಅದು ಅರ್ಧ ನಿಮಿಷದ ಹತ್ತಿರ ಹಿಂದೆ ಓಡುತ್ತದೆ. ನನ್ನ ಕೂಗು ಮುಗಿದು, ನೀರು ಕುಡಿದು ಬಂದ ಮೇಲೆ ಎದುರು ಮನೆಯಲ್ಲಿ ಚೀರಾಟ. ಆದರೂ ಹನ್ನೆರಡು ಗಂಟೆಗೆ ಪಟಾಕಿ ಹೊಗೆಯಲ್ಲಿ ಮನೆಗೆ ಬಂದ ಮಗಳು ‘ಅಪ್ಪಾ, ಅವರ ಮನೇಲಿ ಕೊಹ್ಲಿ ಕಣ್ಣೀರು ಕಾಣಿಸ್ತಿತ್ತು’ ಅಂದಳು. ನಮ್ಮದರಲ್ಲಿ ಕಂಡಿರಲಿಲ್ಲ. ವ್ಯವಹಾರ ಅಲ್ಲಿಗೇ ಮುಗಿದಿತ್ತು ಅನ್ನಿ. ಉಳಿದದ್ದು ಅಂಗಡಿಗೆ ಹೋಗುವುದೊಂದೇ.

ಅಂಗಡಿಯ ಹೆಸರು ಬೇಡ. ರಾಜಾಜಿನಗರದ ಕಡೆಯದು, ದೊಡ್ಡದು, ಒಳಗೆ ಚಳಿ. ‘ಜಿಎಸ್‌ಟಿ ಇಳಿಯುತ್ತಂತಲ್ಲಪ್ಪಾ’ ಅಂದೆ. ಹುಡುಗ ರೆಡಿ ಇದ್ದ: ‘ಸಾರ್, ಅದು ಬಂದ್ರೆ ದೀಪಾವಳಿಗೆ. ಅಷ್ಟೊತ್ತಿಗೆ ಕಂಪನಿಯವರು ಬೇಸ್ ರೇಟೇ ಏರಿಸಿರ್ತಾರೆ. ಗಣೇಶನ ಆಫರ್ ಇವತ್ತೇ ಲಾಸ್ಟು.’ ಹಬ್ಬದ ಆಫರಿಗೆ ಲಾಸ್ಟ್ ದಿನ ಎಂಬುದು ಇರುವುದಿಲ್ಲ; ಗಣೇಶ ಹೋದರೆ ದಸರಾ, ದಸರಾ ಹೋದರೆ ದೀಪಾವಳಿ, ಅದೂ ಹೋದರೆ ಹೊಸ ವರ್ಷ. ಇದು ನನಗೆ ಗೊತ್ತು. ಆದರೆ ಅಷ್ಟರಲ್ಲಿ ಮಗಳು ಕೈಯಲ್ಲಿ ರಿಮೋಟ್ ಹಿಡಿದಾಗಿತ್ತು. ಬಿಲ್ 32,990 ರೂಪಾಯಿ.

ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಹೊರಬಿತ್ತು. ಮಾರನೆಯ ದಿನ ಬೆಳಿಗ್ಗೆ ಕುಣಿಗಲ್ಲಿನಿಂದ ಭಾವಮೈದನ ಫೋನು. ‘ಏನ್ ಭಾವ, ಸರ್ಕಾರಕ್ಕೆ ಮೂರು ಸಾವಿರದ ಮುನ್ನೂರು ದಾನ ಮಾಡಿದ್ರಂತೆ!’ ಶೇ 28ರಲ್ಲಿ 18 ಕಳೆದರೆ 10, 32,990ಕ್ಕೆ ಶೇ 10 ಅಂದರೆ 3,299. ಲೆಕ್ಕ ಸರಿಯಾಗೇ ಇದೆ ಅನಿಸುತ್ತದೆ. ತಪ್ಪು. ಎಷ್ಟು ಜನ ಇದನ್ನೇ ಮಾಡಿಕೊಂಡು ಕೊರಗಿದರೋ, ಇನ್ನೆಷ್ಟು ಜನ ಇದನ್ನೇ ನಂಬಿ ಅಂಗಡಿಯವನ ಜೊತೆ ಜಗಳಕ್ಕೆ ನಿಂತರೋ. ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತೆರಿಗೆ ಹಾಕುವುದು ಮೂಲ ಬೆಲೆಯ ಮೇಲೆ. ನಮ್ಮ ಕಣ್ಣಿಗೆ ಬೀಳುವ ಚೀಟಿಯ ಬೆಲೆಯೊಳಗೆ ತೆರಿಗೆ ಆಗಲೇ ಕೂತಿರುತ್ತದೆ. ಮೂಲ ಬೆಲೆ 100 ಇದ್ದರೆ ಚೀಟಿಯಲ್ಲಿ 128. ಹಾಗಾಗಿ 32,990ನ್ನು 128ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಮೂಲ ಬೆಲೆ 25,773 ರೂಪಾಯಿ. ನಾನು ಕಟ್ಟಿದ ತೆರಿಗೆ 7,217. ಈಗ ಅದೇ 25,773ಕ್ಕೆ ಶೇ 18 ಹಾಕಿ: 4,639. ಎರಡೂ ಕೂಡಿಸಿದರೆ 30,412. ಅಂದರೆ ನಾನು ಹೆಚ್ಚಿಗೆ ಕೊಟ್ಟದ್ದು 2,578 ರೂಪಾಯಿ. ಚೀಟಿಯ ಬೆಲೆಯಲ್ಲಿ ಇದು ಶೇ 7.8. ಹತ್ತನ್ನು 128ರಿಂದ ಭಾಗಿಸಿದರೆ ಅಷ್ಟೇ ಬರುವುದು, ಟಿ.ವಿ. ಯಾವ ಕಂಪನಿಯದಾದರೂ, ಬೆಲೆ ಎಷ್ಟಿದ್ದರೂ.

ದಸರಾ ವಾರ ಅದೇ ಅಂಗಡಿಗೆ ಮತ್ತೆ ಹೋಗಿ, ಬೇಕಂತಲೇ, ಅದೇ ಮಾಡೆಲ್ಲಿನ ಚೀಟಿ ನೋಡಿ ಬಂದೆ. 30,490. ಹುಡುಗ ಹೆದರಿಸಿದ ಹಾಗೆ ಯಾರೂ ಬೇಸ್ ರೇಟ್ ಅಷ್ಟೇನೂ ಏರಿಸಿರಲಿಲ್ಲ.

ಇಲ್ಲಿಗೆ ಈ ಅಂಕಣ ಮುಗಿಸಿ, ‘ಆತುರಪಟ್ಟು ಕೆಟ್ಟೆ’ ಅಂತ ಬರೆದಿದ್ದರೆ ಓದುವವರಿಗೂ ಸಮಾಧಾನ ಆಗುತ್ತಿತ್ತೇನೋ. ಆದರೆ ಸಂಪಾದಕರಿಗೆ ಕಳಿಸುವ ಮುಂಚೆ ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಆಫೀಸಿನಲ್ಲಿ ದಿನಾ ಮಾಡುವ ಕೆಲಸ, ಮನೆಯಲ್ಲಿ ಒಮ್ಮೆಯೂ ಮಾಡದ್ದು.

ಒಂದೇ ಸಲ ಕಾರ್ಡ್ ಉಜ್ಜಿದ್ದರೆ ಬ್ಯಾಂಕಿನ ಆಫರಿನಲ್ಲಿ 2,500 ಕಡಿಮೆ ಆಗುತ್ತಿತ್ತು. ಬ್ಯಾಂಕಿನಲ್ಲಿ ದುಡ್ಡೂ ಇತ್ತು. ‘ನೋ ಕಾಸ್ಟ್ ಇಎಂಐ ಇದೆಯಲ್ಲ ಸಾರ್, ದುಡ್ಡು ಯಾಕೆ ಕೈಬಿಡ್ತೀರಿ’ ಅಂದ ಅಂಗಡಿಯ ಹುಡುಗ. ಹೌದಲ್ಲ ಅನಿಸಿತು. 12 ಕಂತು, ತಿಂಗಳಿಗೆ 2,749. ಗುಣಿಸಿದರೆ 32,990ರ ಹತ್ತಿರ ಹತ್ತಿರ. ಬಡ್ಡಿ ಎಲ್ಲಿ? ಸ್ಟೇಟ್‌ಮೆಂಟಿನಲ್ಲಿ ಇತ್ತು. ಬ್ಯಾಂಕು ಶೇ 15ರ ಲೆಕ್ಕದಲ್ಲಿ ವರ್ಷಕ್ಕೆ 2,531 ಬಡ್ಡಿ ಹಿಡಿಯುತ್ತದೆ. ಅಂಗಡಿ ಅಷ್ಟನ್ನು ಬೆಲೆಯಲ್ಲಿ ಮೊದಲೇ ಬಿಟ್ಟುಕೊಟ್ಟ ಹಾಗೆ ತೋರಿಸುತ್ತದೆ. ಆ 2,531ನ್ನೂ ಈ ಕೈಬಿಟ್ಟ 2,500ನ್ನೂ ಜೊತೆಗಿಟ್ಟು ನೋಡಿ. ನನಗೆ ಸಿಗಬೇಕಿದ್ದ ರಿಯಾಯಿತಿಯೇ ಬಡ್ಡಿಯ ವೇಷ ಹಾಕಿಕೊಂಡು ಬ್ಯಾಂಕಿಗೆ ಹೋಯಿತು. ಮತ್ತೆ ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಜಿಎಸ್‌ಟಿ ಉಂಟು, ಅದು ಅಂಗಡಿಯವನ ತಲೆಗಲ್ಲ, ನಮ್ಮ ತಲೆಗೆ: 456 ರೂಪಾಯಿ. ಪ್ರೊಸೆಸಿಂಗ್ ಫೀ ತೆರಿಗೆ ಸೇರಿ 235. ಶೂನ್ಯ ಬಡ್ಡಿ ಅನ್ನುವ ವಸ್ತುವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬ್ಯಾಂಕಿನವರು ಹೆಸರು ಬದಲಾಯಿಸಿಕೊಂಡರು, ಅಷ್ಟೆ.

ಆಮೇಲೆ ಎಕ್ಸ್‌ಟೆಂಡೆಡ್ ವಾರಂಟಿ. ಇದರ ಬಗ್ಗೆ ನನಗೆ ತಾಳ್ಮೆ ಇಲ್ಲ, ಕ್ಷಮಿಸಿ. ಎರಡು ವರ್ಷಕ್ಕೆ 3,499. ಬಿಲ್ ಕೌಂಟರಿನಲ್ಲಿ, ಕಾರ್ಡು ಆಗಲೇ ಮೆಷೀನಿನಲ್ಲಿ ಸಿಕ್ಕಿಕೊಂಡಿರುವಾಗ, ‘ಪ್ಯಾನೆಲ್ ಹೋದ್ರೆ ಇಪ್ಪತ್ತು ಸಾವಿರ ಸಾರ್’ ಅನ್ನುತ್ತಾರೆ. ಸುಳ್ಳಲ್ಲ, ಪ್ಯಾನೆಲ್ ಹೋದರೆ ಟಿ.ವಿ. ಬೆಲೆಯ ಅರ್ಧಕ್ಕಿಂತ ಹೆಚ್ಚು ಕೇಳುತ್ತಾರೆ. ಆ ಹೆದರಿಕೆಯಲ್ಲಿ ಸಹಿ. ಮನೆಗೆ ಬಂದು ಓದಿದೆ, ಆ ಇರುವೆ ಅಕ್ಷರವನ್ನು. ಒಡೆದರೆ ಇಲ್ಲ. ವೋಲ್ಟೇಜ್ ಏರಿಳಿತಕ್ಕೆ ಇಲ್ಲ. ಹುಳ, ಹಲ್ಲಿ, ಇಲಿಯಿಂದ ಆದರೆ ಇಲ್ಲ. ನೀರು ಬಿದ್ದರೆ ಇಲ್ಲ. ಸ್ವಾಮೀ, ಲಗ್ಗೆರೆಯಲ್ಲಿ ಟಿ.ವಿ. ಇನ್ನು ಹೇಗೆ ಕೆಡಬೇಕು? ನಮ್ಮ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಢಂ ಅನ್ನದೆ ಒಂದು ಮಳೆಗಾಲ ಕಳೆದಿಲ್ಲ. 2016ರ ಟಿ.ವಿ. ಒಮ್ಮೆ ಕೈಕೊಟ್ಟಾಗ ಮೆಕ್ಯಾನಿಕ್ಕು ಬೋರ್ಡಿನಿಂದ ಎತ್ತಿ ತೋರಿಸಿದ್ದು ಒಣಗಿ ಹಪ್ಪಳವಾಗಿದ್ದ ಹಲ್ಲಿಯನ್ನು. ರಿಪೇರಿಗೆ 700 ತಗೊಂಡ. ಯಾವುದರಿಂದ ಕೆಡುವ ಸಂಭವ ಇದೆಯೋ ಅದನ್ನೆಲ್ಲ ಬಿಟ್ಟು ಉಳಿದದ್ದಕ್ಕೆ ಕೊಡುವ ಭರವಸೆಗೆ ನಾನು 3,499 ಕೊಟ್ಟೆ.

2,500, 456, 235, 3,499. ಒಟ್ಟು 6,690.

ಊರೆಲ್ಲ ನನ್ನನ್ನು ಆಡಿಕೊಂಡದ್ದು ತೆರಿಗೆಯಲ್ಲಿ ಹೋದ 2,578ಕ್ಕೆ. ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಹೋದದ್ದು ಬಿಲ್ ಕೌಂಟರಿನ ಹತ್ತು ನಿಮಿಷದಲ್ಲಿ, ನಾನೇ ಸಹಿ ಹಾಕಿ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗಸ್ಟ್ 24ರಂದೇ ಕೊಂಡು, ಒಂದೇ ಸಲ ದುಡ್ಡು ಕೊಟ್ಟು, ವಾರಂಟಿ ಬೇಡ ಅಂದಿದ್ದರೆ ಟಿ.ವಿ. 30,490ಕ್ಕೆ ಬರುತ್ತಿತ್ತು. ತೆರಿಗೆ ಇಳಿದ ಮೇಲಿನ ಚೀಟಿಯ ಬೆಲೆ, ರೂಪಾಯಿಗೆ ರೂಪಾಯಿ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗ ಪೀಣ್ಯದ ಲೇತ್ ಶಾಪಿನಲ್ಲಿ ಟರ್ನರ್. ಅವನೂ ಅದೇ ಹಬ್ಬಕ್ಕೆ ಟಿ.ವಿ. ತಂದ. ಹತ್ತು ತಿಂಗಳಿಂದ ಹಾಕುತ್ತಿದ್ದ ಚೀಟಿ ಎತ್ತಿ, ಲಗ್ಗೆರೆ ಮೇನ್ ರೋಡಿನ ಸಣ್ಣ ಅಂಗಡಿಯಲ್ಲಿ 32 ಇಂಚಿನದು, 11,500 ರೂಪಾಯಿ, ನೋಟು ಎಣಿಸಿ. 32 ಇಂಚಿಗೆ 2019ರ ಜನವರಿ 1ರಿಂದಲೇ ಶೇ 18 ಇದೆ. ಅವನಿಗೆ ಸೆಪ್ಟೆಂಬರ್ 22 ಹೇಗೆ ಬಂತು, ಹೇಗೆ ಹೋಯಿತು ಗೊತ್ತೇ ಆಗಲಿಲ್ಲ. ‘ವಾರಂಟಿ ತಗೊಂಡ್ಯೇನಪ್ಪಾ’ ಅಂದೆ. ‘ಕಂಪನೀದು ಒಂದು ವರ್ಷ ಇದೆಯಲ್ಲಣ್ಣ, ಆಮೇಲೆ ನಮ್ಮ ಹಣೆಬರಹ’ ಅಂದ. ಅಕೌಂಟ್ಸ್ ಓದಿದವನು ನಾನು.

ಕೊಳ್ಳಬೇಕಿತ್ತೇ ಅನ್ನುವ ಪ್ರಶ್ನೆ ಬೇರೆ. ಹಳೇ ಟಿ.ವಿ.ಗೆ ಎಚ್‌ಡಿಎಂಐ ಪೋರ್ಟ್ ಇತ್ತು. ಮೂರು ನಾಲ್ಕು ಸಾವಿರದ ಸ್ಟಿಕ್ ಚುಚ್ಚಿದ್ದರೆ ಅದೇ ಸ್ಮಾರ್ಟ್ ಆಗುತ್ತಿತ್ತು. ಟಿ.ವಿ.ಯ ಪರದೆಗೂ ಅದರೊಳಗಿನ ಮಿದುಳಿಗೂ ಆಯಸ್ಸು ಒಂದೇ ಅಲ್ಲ. 2010, 2011ರ ಕೆಲವು ಸ್ಯಾಮ್‌ಸಂಗ್ ಟಿ.ವಿ.ಗಳಲ್ಲಿ 2019ರ ಡಿಸೆಂಬರ್‌ನಿಂದ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಪರದೆ ಇನ್ನೂ ಗಟ್ಟಿ ಇದ್ದಿರಬಹುದು, ಸಾಫ್ಟ್‌ವೇರಿಗೆ ವಯಸ್ಸಾಗಿತ್ತು. ಸ್ಟಿಕ್ಕಿಗೆ ವಯಸ್ಸಾದರೆ ಸ್ಟಿಕ್ ಮಾತ್ರ ಬಿಸಾಕಿದರೆ ಆಯಿತು. ಹಾಲು ಹತ್ತಡಿ ಅಗಲ, ಸೋಫಾದಿಂದ ಗೋಡೆಗೆ ಏಳಡಿ ಇರುವ ನಮ್ಮಂಥ ಇಪ್ಪತ್ತು–ಮೂವತ್ತರ ಸೈಟಿನ ಮನೆಗೆ 43 ಇಂಚು ಒಪ್ಪುತ್ತದೆ, ಇಲ್ಲವೆನ್ನಲಾರೆ. 55 ತಂದಿದ್ದರೆ ಟಿ.ವಿ.ಯ ಅಂಚು ಬೀರುವಿನ ಬಾಗಿಲಿಗೆ ತಾಗುತ್ತಿತ್ತು.

ಕಾಯುವುದೂ ಎಲ್ಲ ಕಾಲಕ್ಕೂ ಜಾಣತನವಲ್ಲ. ತೆರಿಗೆ ಇಳಿದ ಬೆನ್ನಿಗೇ, 2025ರ ಕೊನೆಯ ತಿಂಗಳುಗಳಲ್ಲಿ, ಟಿ.ವಿ.ಯೊಳಗೂ ಇರುವ ಮೆಮೊರಿ ಚಿಪ್ಪಿನ ಬೆಲೆ ಏರಿತು. ಇನ್ನೂ ಇಳಿಯಲಿ ಅಂತ ಕಾದು ಕೂತವರು ಈಗ ನನ್ನನ್ನು ನೋಡಿ ನಗುವುದನ್ನು ನಿಲ್ಲಿಸಿದ್ದಾರೆ.

ಒಂದು ಮಾತು ಹೇಳಿಬಿಡುತ್ತೇನೆ, ಉಪದೇಶ ಅಂದುಕೊಂಡರೂ ಸರಿ. ಕೆ.ಆರ್. ಮಾರ್ಕೆಟ್ಟಿಗೆ ಹಬ್ಬದ ಹೂವಿಗೆ ಹೋದರೆ ನಮ್ಮ ಅಮ್ಮ ಮಾರಿಗೆ ಹತ್ತು ರೂಪಾಯಿ ಇಳಿಸಲು ನಾಲ್ಕು ಅಂಗಡಿ ತಿರುಗುತ್ತಾರೆ. ನಾನು ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ವಾದಿಸುತ್ತೇನೆ. ಅದೇ ನಾವು ಎಸಿ ಹಾಕಿದ ಅಂಗಡಿಯಲ್ಲಿ, ಟೈ ಕಟ್ಟಿದ ಹುಡುಗ ‘ಸಾರ್’ ಅಂದರೆ, ಮೂರೂವರೆ ಸಾವಿರಕ್ಕೆ ತಲೆ ಅಲ್ಲಾಡಿಸುತ್ತೇವೆ. ಬಿಲ್ ಬರೆಯುವ ಮುಂಚೆ ಮೆಷೀನಿಗೆ ಕಾರ್ಡು ಕೊಡಬೇಡಿ. ‘ಒಂದೇ ಸಲ ಕೊಟ್ಟರೆ ಎಷ್ಟು’ ಅಂತ ಕೇಳಿ, ಬರೆಸಿಕೊಂಡು, ಹೊರಗೆ ಬಂದು ಒಂದು ಬೈಟು ಕಾಫಿ ಕುಡಿಯಿರಿ. ಮಕ್ಕಳನ್ನು ಮನೆಯಲ್ಲೇ ಬಿಟ್ಟುಹೋಗಿ. ಟಿ.ವಿ. ಬಂದ ಮೇಲೆ ಬರುವ ಖರ್ಚನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ: ನಮಗೆ ಬ್ರಾಡ್‌ಬ್ಯಾಂಡ್ ಹಾಕಿಸಬೇಕಾಯಿತು, ತಿಂಗಳಿಗೆ 499, ತೆರಿಗೆ ಸೇರಿ 589. ವರ್ಷಕ್ಕೆ ಏಳು ಸಾವಿರ ದಾಟುತ್ತದೆ. ಕೇಬಲ್ ತೆಗೆಸಲೂ ಆಗಲಿಲ್ಲ, ಅಮ್ಮನ ಧಾರಾವಾಹಿ ಇದೆ.

ಹಳೇ ಟಿ.ವಿ.ಗೆ ಅಂಗಡಿಯವರು ಎಕ್ಸ್‌ಚೇಂಜಿನಲ್ಲಿ 1,200 ಕೊಡುತ್ತೇವೆ ಅಂದಿದ್ದರು. ಅದೊಂದಕ್ಕೆ ಮಾತ್ರ ಅವತ್ತು ಬೇಡ ಅಂದೆ. ಈಗ ಅದು ಅಮ್ಮನ ರೂಮಿನಲ್ಲಿದೆ. ಸಂಜೆ ಆರೂವರೆಗೆ ಆನ್ ಆದರೆ ಒಂಬತ್ತೂವರೆಗೆ ಆಫ್. ಹೊಸದರ ರಿಮೋಟ್ ಅವರು ಮುಟ್ಟುವುದಿಲ್ಲ. ನನ್ನ ವಾರಂಟಿ ಕಾಗದ ಗ್ಯಾಸ್ ಬುಕ್ಕಿನ ಜೊತೆ ಕವರಿನಲ್ಲಿದೆ. ಕಂಪನಿಯ ವರ್ಷ ಮುಗಿದ ಮೇಲೆ ಅದು ಜಾರಿಗೆ ಬರುವುದು, 2026ರ ಆಗಸ್ಟ್ 24ಕ್ಕೆ. ಅಲ್ಲಿಯವರೆಗೆ ಆ 3,499 ಬರೀ ಕಾಗದ.